ಅತಿಥಿ ಆಟಗಾರ

ಸ್ಕೋರು ಬರೆಯುತ್ತಿದ್ದವ ನಾನು.
ಮುಳ್ಳೇರಿಯದಲ್ಲಿ, ನೀರ್ಚಾಲಿನಲ್ಲಿ,
ಬಂದಿಯೋಡಿನ ರೈಲುಹಳಿಯ ಪಕ್ಕದ ಗದ್ದೆಯಲ್ಲಿ,
ಕೊಯ್ಲಾದ ಮೇಲೆ ಕೂಳೆ ತುಳಿದು ತುಳಿದು ಪಿಚ್ಚಾದ ಕಡೆಯೆಲ್ಲ
ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಟ್ಯೂಬ್‌ಲೈಟು, ಹಾತೆಗಳು, ನಾನು.

ಅಂಬಾಡಿಯ ಹೆಸರು ನನ್ನ ಪುಸ್ತಕದಲ್ಲಿ
ಮೂವತ್ತೊಂದು ತಂಡಗಳ ಕೆಳಗೆ ಉಂಟು.
ಯಾವಾಗಲೂ ಹನ್ನೊಂದನೆಯವ, ಪಕ್ಕದಲ್ಲಿ ಒಂದು ‘ಅ’.
ಅತಿಥಿ ಎಂದರ್ಥ.
ಬಾಡಿಗೆ ಎಂದು ಬರೆಯಲು ಸಮಿತಿಯವರು ಬಿಡುತ್ತಿರಲಿಲ್ಲ.

ಬೆನ್ನ ಮೇಲೆ ಬೇರೆಯವರ ಹೆಸರು:
ದುಬೈಗೆ ಹೋದವನ ಅಂಗಿ,
ಕಾಲು ಉಳುಕಿದವನ ಅಂಗಿ,
ಒಮ್ಮೆ, ಮದುವೆಯ ದಿನವೇ ಫೈನಲ್ಲು ಬಿದ್ದ
ಮದುಮಗನ ಅಂಗಿ.
ಗೆದ್ದರೆ ಐನೂರು, ಸೋತರೆ ಬಸ್ಸಿನ ಚಾರ್ಜು,
ಎರಡಕ್ಕೂ ಪರೋಟ.

ಹಗಲಿಡೀ ಬಾಯಾರಿನ ಕೋರೆಯಲ್ಲಿ ಕೆಂಪುಕಲ್ಲು ಕಡಿದ ಕೈ.
ಸಂಜೆ ಎಷ್ಟು ಉಜ್ಜಿದರೂ
ಉಗುರ ಸಂದಿಯ ಮಣ್ಣು ಬಿಡುತ್ತಿರಲಿಲ್ಲ.
ಅಂಗಡಿಯಿಂದ ಬಂದ ಹಳದಿ ಚೆಂಡು
ಅವನ ಎರಡೇ ಓವರಿಗೆ ಕೋರೆಯ ಬಣ್ಣಕ್ಕೆ ತಿರುಗುತ್ತಿತ್ತು.
ಆಗ ಅದು ಕಾಣಿಸುತ್ತಿರಲಿಲ್ಲ, ಕೇಳಿಸುತ್ತಿತ್ತು ಅಷ್ಟೆ,
ದಾಂಡಿಗನ ಹಿಂದೆ, ಮೂರು ಕೋಲು ಚದುರುವ ಸದ್ದಾಗಿ.

ಇಪ್ಪತ್ತೇಳರಲ್ಲಿ ಒಮ್ಮೆ ತಲಶ್ಶೇರಿಗೆ ಹೋದ.
ನಿಜವಾದ ಚೆಂಡು, ತೊಗಲಿನದು, ಹೊಲಿಗೆ ಇರುವುದು.
ಆರು ಎಸೆತ. ಐದು ಎಲ್ಲೆಲ್ಲಿಗೋ.
ಆರನೆಯದಕ್ಕೆ ಮಧ್ಯದ ಕೋಲು
ಕೀಪರನ ಕಾಲಬುಡಕ್ಕೆ ಹೋಗಿ ಬಿತ್ತು.
ಮೇಜಿನ ಹಿಂದಿದ್ದವರು ವಯಸ್ಸು ಕೇಳಿದರು.
ಹೇಳಿದ.
ಪೆನ್ನಿನ ಮುಚ್ಚಳ ಹಾಕಿದರು.
‘ಆ ಚೆಂಡು ಭಾರ ಮಾರಾಯ’ ಎಂದ ನನ್ನಲ್ಲಿ,
ಮತ್ತೆ ಆ ಮಾತು ಎತ್ತಲಿಲ್ಲ.

ಪೆರ್ಲದವರು ಒಂದು ವರ್ಷ
ಅವನನ್ನು ಅವನ ಊರಿನ ಎದುರೇ ಇಳಿಸಿದರು.
ಕೊನೆಯ ಚೆಂಡು, ಬೇಕಾದದ್ದು ಎರಡು ರನ್ನು,
ಕ್ರೀಸಿನಲ್ಲಿ ಅವನ ಸ್ವಂತ ತಮ್ಮ ಸುಧಾಮ.
ಬಾಯಾರಿನವರು ಗದ್ದೆಯ ಹುಣಿಯಿಂದ
ಅಮ್ಮನ ಹೆಸರು ಹಿಡಿದು ಕೂಗಿದರು.
ನಾನು ಪೆನ್ಸಿಲು ಎತ್ತಿ ಹಿಡಿದಿದ್ದೆ.
ಹೆಬ್ಬೆರಳಿನ ಬುಡಕ್ಕೇ ಹಾಕಿದ.
ಬರೆದೆ: ಬೌಲ್ಡ್.
ಆ ರಾತ್ರಿ ಇಬ್ಬರೂ ಒಂದೇ ಸೈಕಲಿನಲ್ಲಿ ಹೋದರು,
ತುಳಿಯುವವ ತಮ್ಮ,
ಹಿಂದೆ ಇವ, ಮಡಿಲಲ್ಲಿ ಬಹುಮಾನದ ಹುಂಜ.

ಮತ್ತೆ ಕೋರೆಗೆ ಯಂತ್ರ ಬಂತು.
ಕಲ್ಲು ಕಡಿಯುವುದು ಹೋಗಿ ಲಾರಿಗೆ ಹೊರುವುದಾಯಿತು,
ಭುಜ ಇಳಿಯಿತು.
ಮುಗಿಯಿತು ಎಂದುಕೊಂಡೆವು.
ಅವ ನಿಧಾನದ ಚೆಂಡು ಕಲಿತ.
ಓಡಿ ಬರುವುದು ಅದೇ, ಕೈ ಬೀಸುವುದು ಅದೇ,
ಚೆಂಡು ಮಾತ್ರ
‘ಇನ್ನು ಬರ್ತೇನೆ’ ಎಂದು ಎದ್ದು
ಮೆಟ್ಟಿಲಲ್ಲಿ ಮತ್ತೆ ಮಾತಿಗೆ ನಿಂತ ನೆಂಟನ ಹಾಗೆ.
ಹುಡುಗರು ಮೊದಲೇ ಬೀಸಿ ಮುಗಿಸುತ್ತಿದ್ದರು.
ಅಂಥದ್ದರಲ್ಲೇ ಇನ್ನೂ ಒಂಬತ್ತು ವರ್ಷ.

ಮೊನ್ನೆ ನನ್ನ ಜಗಲಿಗೆ ಬಂದ.
ಒಟ್ಟು ಎಷ್ಟು ವಿಕೆಟ್ಟು, ಕೂಡಿಸಿ ಹೇಳು ಎಂದ.
ಪೆಟ್ಟಿಗೆ ತೆಗೆದರೆ ಮೊದಲ ಹನ್ನೆರಡು ವರ್ಷ ಪುಡಿ.
‘ಗೆದ್ದಲಿಗೆ ಎಷ್ಟು ಹೋಯಿತು?’
‘ನಾನೂರರ ಮೇಲೆ ಇರಬಹುದು.’
‘ಒಳ್ಳೆಯ ಬೌಲಿಂಗ್’ ಎಂದು ನಕ್ಕ.
ಚಾ ಅರ್ಧ ಕುಡಿದಿದ್ದ.

ಹೊರಗೆ ಬೈಕಿನ ಹಾರ್ನು.
ಕುಂಬ್ಡಾಜೆಯ ಹುಡುಗರು, ಒಬ್ಬ ಕಮ್ಮಿಯಂತೆ.
ಅವ ಏಳಲಿಲ್ಲ ಮೊದಲು.
ನಲವತ್ನಾಲ್ಕು ಅವನಿಗೆ, ಕನ್ನಡಕ ಬೇರೆ.
‘ಅಂಗಿ ತಂದಿದ್ದೀರಾ?’
ತಂದಿದ್ದರು.
‘ಯಾರದ್ದು?’
ಯಾರೂ ಹೇಳಲಿಲ್ಲ. ನೀಲಿ, ಬೆನ್ನಲ್ಲಿ ಏಳು.
ಹಾಕಿಕೊಂಡ. ಕಂಕುಳಲ್ಲಿ ಬಿಗಿ.
ಅಂಗಳಕ್ಕಿಳಿದು ಬಲಗೈ ಒಮ್ಮೆ ಪೂರ್ತಿ ತಿರುಗಿಸಿದ,
ಹೊಲಿಗೆ ಬಿಟ್ಟದ್ದು
ಒಳಗೆ ಕೂತ ನನಗೂ ಕೇಳಿಸಿತು.